ಅಪರಾಧಶಾಸ್ತ್ರದಲ್ಲಿ ಡಿಗ್ರಿ: ಪಿಯುಸಿ ಮುಗಿದ ದಿನದಿಂದ ಕೆಲಸದ ಬಾಗಿಲವರೆಗೆ

ಪಿಯುಸಿ ಫಲಿತಾಂಶ ಬಂದ ವಾರ ನನಗೆ ಬರುವ ಫೋನ್‌ಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. 'ಮಗಳು ಕ್ರಿಮಿನಾಲಜಿ ತಗೋತೀನಿ ಅಂತಿದ್ದಾಳೆ. ಅದನ್ನು ಓದಿದರೆ ಪೊಲೀಸ್ ಆಗಬಹುದಾ?'

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಪಿಎಸ್‌ಐ ಪರೀಕ್ಷೆ ಬರೆಯಲು ಯಾವುದೇ ವಿಷಯದ ಡಿಗ್ರಿ ಸಾಕು. ಬಿಕಾಂ ಓದಿದವರೂ ಆಗುತ್ತಾರೆ, ಕನ್ನಡ ಸಾಹಿತ್ಯ ಓದಿದವರೂ ಆಗುತ್ತಾರೆ. ಬರೀ ಆ ಹುದ್ದೆಗಾಗಿ ಈ ವಿಷಯ ಆರಿಸಿಕೊಳ್ಳುವ ಅಗತ್ಯ ಇಲ್ಲ.

ಹಾಗಾದರೆ ಯಾಕೆ ಓದಬೇಕು? ಒಬ್ಬರು ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತುತ್ತಾರೆ. ವರ್ಷಗಳ ಮೇಲೆ ಇನ್ನೊಬ್ಬರು ಜೈಲಿನ ಗೇಟಿನಿಂದ ಹೊರಗೆ ಬರುತ್ತಾರೆ. ಇವೆರಡರ ನಡುವೆ ಏನೇನು ನಡೆಯುತ್ತದೆ ಅನ್ನುವುದನ್ನು ಒಂದೇ ಕಡೆ ಕಲಿಸುವ ಪದವಿ ಇದು. ಪೊಲೀಸರಿಗೆ ಠಾಣೆ ಗೊತ್ತು, ವಕೀಲರಿಗೆ ಕೋರ್ಟು ಗೊತ್ತು, ಲ್ಯಾಬಿನವರಿಗೆ ಸ್ಯಾಂಪಲ್ ಗೊತ್ತು, ಜೈಲಿನವರಿಗೆ ಬ್ಯಾರಕ್ ಗೊತ್ತು. ಇಡೀ ದಾರಿಯನ್ನು ನೋಡಿದವರು ಕಡಿಮೆ. ನಾನು ಬಿಎಯಲ್ಲಿ ಇದನ್ನು ಓದಿ, ಆಮೇಲೆ ಕಾನೂನು ಓದಿ, ಈಗ ಉಚಿತ ಕಾನೂನು ನೆರವಿನ ಕೆಲಸ ಮಾಡುತ್ತಿದ್ದೇನೆ. ದಿನವೂ ಉಪಯೋಗಕ್ಕೆ ಬರುವುದು ಆ ಇಡೀ ದಾರಿಯ ತಿಳಿವಳಿಕೆಯೇ.

ಮೊದಲ ಕೆಲಸ: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಜಾಸ್ತಿ ಜನ ಎಡವುವುದು ಇಲ್ಲೇ. ಅಪರಾಧಶಾಸ್ತ್ರ ಬೇರೆ, ವಿಧಿವಿಜ್ಞಾನ ಬೇರೆ. ಜನ ಅಪರಾಧ ಯಾಕೆ ಮಾಡುತ್ತಾರೆ, ಸಮಾಜ, ಪೊಲೀಸು, ಕೋರ್ಟು, ಜೈಲು ಅದಕ್ಕೆ ಹೇಗೆ ಸ್ಪಂದಿಸುತ್ತವೆ ಅನ್ನುವುದು ಅಪರಾಧಶಾಸ್ತ್ರ. ರಕ್ತದ ಕಲೆ, ಬೆರಳಚ್ಚು, ವಿಷ, ಗುಂಡು, ಕೈಬರಹ, ಮೊಬೈಲ್ ಡೇಟಾ ಇವನ್ನು ಪರೀಕ್ಷಿಸುವುದು ವಿಧಿವಿಜ್ಞಾನ, ಅಂದರೆ ಫೊರೆನ್ಸಿಕ್. ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ಎರಡನ್ನೂ ಸೇರಿಸಿ 'ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ' ಅಂತ ಒಂದೇ ವಿಷಯ ಮಾಡಿದ್ದಾರೆ. ಅದರಿಂದ ಗೊಂದಲ ಇನ್ನೂ ಹೆಚ್ಚು.

ಹಾಗಾಗಿ ಒಂದು ಮಾತು ನೆನಪಿಡಿ. ನಿಮ್ಮ ಕನಸು ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ಕೆಲಸ ಮಾಡುವುದಾದರೆ ಬಿಎ ಸರಿಯಾದ ದಾರಿ ಅಲ್ಲ. ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಪದವಿ ಕೇಳುತ್ತಾರೆ. ರಸಾಯನಶಾಸ್ತ್ರ, ಭೌತಶಾಸ್ತ್ರ, ಜೀವಶಾಸ್ತ್ರ ಅಥವಾ ಫೊರೆನ್ಸಿಕ್‌ನಲ್ಲಿ ಬಿಎಸ್ಸಿ ಮಾಡಿ, ಆಮೇಲೆ ಎಂಎಸ್ಸಿಗೆ ಹೋಗಬೇಕು. ಪಿಯುಸಿಯಲ್ಲಿ ಕಲೆ ಓದಿದ ಮಗುವಿಗೆ 'ಬಿಎ ಮಾಡಿ ಎಫ್‌ಎಸ್‌ಎಲ್ ಸೇರಬಹುದು' ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೂರು ವರ್ಷ ಆದಮೇಲೆ ಅರ್ಜಿಯ ಅರ್ಹತೆ ಕಾಲಂ ನೋಡಿ ಅತ್ತವರನ್ನು ನಾನು ನೋಡಿದ್ದೇನೆ.

ಕಲೆ ಅಥವಾ ವಾಣಿಜ್ಯ ಓದಿದವರಿಗೆ ಬಿಎ ಚೆನ್ನಾಗಿ ಹೊಂದುತ್ತದೆ. ಜೊತೆಗೆ ಯಾವ ವಿಷಯ ತಗೋಬೇಕು ಅಂತ ಕೇಳಿದರೆ ನನ್ನ ಆಯ್ಕೆ ಮನಶಾಸ್ತ್ರ ಅಥವಾ ಸಮಾಜಶಾಸ್ತ್ರ. ಇವು ಸಿಗದಿದ್ದರೆ ರಾಜ್ಯಶಾಸ್ತ್ರ. ಕಾಲೇಜು ಕೊಡುವ ಜೋಡಿಗಳಲ್ಲೇ ಆರಿಸಬೇಕಾಗುತ್ತದೆ, ಅದಕ್ಕೇ ಜೋಡಿಗಳ ಪಟ್ಟಿಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ.

ಕಾಲೇಜು ಹುಡುಕುವುದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ಸ್ನಾತಕೋತ್ತರ ವಿಭಾಗವೇ ಇದೆ. ಉತ್ತರ ಕರ್ನಾಟಕದ ಮಕ್ಕಳಿಗೆ ಈ ವಿಷಯ ಹೊಸದೇನಲ್ಲ, ಬಿಎಯಲ್ಲಿ ಅದನ್ನು ಐಚ್ಛಿಕವಾಗಿ ಓದುವುದು ಅಲ್ಲಿ ರೂಢಿ. ಮೈಸೂರಿನಲ್ಲಿ ಮಹಾರಾಜ ಕಾಲೇಜು, ಮಂಗಳೂರಿನಲ್ಲಿ ರೋಶನಿ ನಿಲಯ ಈ ವಿಷಯಕ್ಕೆ ಹೆಸರಾದ ಕಡೆಗಳು. ಬೆಂಗಳೂರಿನ ಹಲವು ಖಾಸಗಿ ಕಾಲೇಜುಗಳಲ್ಲಿ ಬಿಎಸ್ಸಿ ಫೊರೆನ್ಸಿಕ್ ಇದೆ, ಶುಲ್ಕ ಜಾಸ್ತಿ. ಕೇಂದ್ರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ 2020ರಲ್ಲಿ ಆಯಿತು. ಅದರ ಮುಖ್ಯ ಕ್ಯಾಂಪಸ್ ಗಾಂಧಿನಗರದಲ್ಲಿ, ಧಾರವಾಡದಲ್ಲೂ ಒಂದು ಇದೆ. ಅಲ್ಲಿಗೆ ಪ್ರತ್ಯೇಕ ಪ್ರವೇಶ ಪರೀಕ್ಷೆ ಬರೆಯಬೇಕು. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲಿದೆ. ಯಾವ ಕ್ಯಾಂಪಸ್‌ನಲ್ಲಿ ಯಾವ ಕೋರ್ಸು ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಕಾಲೇಜಿಗೆ ಹೋದಾಗ ಕಟ್ಟಡ ನೋಡಿ ಮರುಳಾಗಬೇಡಿ. ಈ ವಿಷಯ ಕಲಿಸುವವರು ಕಾಯಂ ಅಧ್ಯಾಪಕರಾ, ಅದೇ ವಿಷಯದಲ್ಲಿ ಎಂಎ ಅಥವಾ ಎಂಎಸ್ಸಿ ಮಾಡಿದವರಾ ಕೇಳಿ. ಕಳೆದ ವರ್ಷ ಮಕ್ಕಳನ್ನು ಕೋರ್ಟು, ಜೈಲು, ಬಾಲಮಂದಿರ, ಎಫ್‌ಎಸ್‌ಎಲ್ ಪೈಕಿ ಎಲ್ಲಿಗೆ ಕರೆದುಕೊಂಡು ಹೋಗಿದ್ದರು ಕೇಳಿ. ಲೈಬ್ರರಿಯಲ್ಲಿ ಹೊಸ ಮೂರು ಕಾನೂನುಗಳ ಪುಸ್ತಕ ಇದೆಯಾ ಕೇಳಿ. 2024ರ ಜುಲೈ 1ಕ್ಕೆ ಕಾನೂನು ಬದಲಾಗಿದೆ, ಈಗಲೂ ಕಪಾಟಿನಲ್ಲಿ ಬರೀ ಐಪಿಸಿ ಇದ್ದರೆ ಆ ವಿಭಾಗ ನಿದ್ದೆಯಲ್ಲಿದೆ ಅಂತ ಅರ್ಥ. ಮತ್ತೆ, ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಪ್ರಾಸ್ಪೆಕ್ಟಸ್ ಹೇಳದ್ದು ಅವರು ಹೇಳುತ್ತಾರೆ.

ಪ್ರವೇಶ, ದುಡ್ಡು

ಇದನ್ನು ಬೇಗ ಮುಗಿಸುತ್ತೇನೆ. ಸರ್ಕಾರಿ ವಿಶ್ವವಿದ್ಯಾಲಯಗಳ ಕಾಲೇಜುಗಳಿಗೆ ಅರ್ಜಿ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ನಾಲ್ಕು ವರ್ಷದ ಪದ್ಧತಿ ಬಿಟ್ಟು 2024–25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ ಬಂದಿದೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. ಜಾತಿ, ಆದಾಯ ಪ್ರಮಾಣಪತ್ರ ಚಾಲ್ತಿಯಲ್ಲಿವೆಯಾ ಅಂತ ಪಿಯುಸಿ ಪರೀಕ್ಷೆ ಮುಗಿದ ತಿಂಗಳಲ್ಲೇ ನೋಡಿಕೊಳ್ಳಿ. ಹಾಸ್ಟೆಲ್ ಅರ್ಜಿಗೆ ಕೊನೇ ದಿನಾಂಕ ಬೇರೆ ಇರುತ್ತದೆ, ಅದನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ.

ಮೊದಲ ಸೆಮಿಸ್ಟರ್: ಎರಡು ಕಾಲಂನ ನೋಟ್‌ಬುಕ್

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಪ್ರತಿ ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಹಳೇ ಕಾನೂನು, ಬಲಕ್ಕೆ ಹೊಸದು.

ಭಾರತೀಯ ದಂಡ ಸಂಹಿತೆ, ಅಂದರೆ ಐಪಿಸಿ, 1860ರದ್ದು. ಅದರಲ್ಲಿ 511 ಕಲಂಗಳು. ಅದರ ಜಾಗದಲ್ಲಿ ಈಗ ಭಾರತೀಯ ನ್ಯಾಯ ಸಂಹಿತೆ, 358 ಕಲಂಗಳು. ಅಪರಾಧ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿ, 1973ರದ್ದು, ಅದರ ಜಾಗದಲ್ಲಿ 531 ಕಲಂಗಳ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 170 ಕಲಂಗಳ ಭಾರತೀಯ ಸಾಕ್ಷ್ಯ ಅಧಿನಿಯಮ. ಕೊಲೆ 302 ಆಗಿತ್ತು, ಈಗ 103. ಮೋಸ 420 ಆಗಿತ್ತು, ಈಗ 318. ಗಂಡನ ಮನೆಯ ಕಿರುಕುಳ 498ಎ ಆಗಿತ್ತು, ಈಗ 85. '144 ಹಾಕಿದ್ದಾರೆ' ಅಂದರೆ ಗುಂಪು ಸೇರಬಾರದು ಅಂತ ಊರಿಗೆಲ್ಲ ಗೊತ್ತು. ಅದು ಸಿಆರ್‌ಪಿಸಿಯ ಕಲಂ, ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163. ಈಗ ಆ ಸಂಹಿತೆಯ 144ನೇ ಕಲಂ ಹೇಳುವುದು ಹೆಂಡತಿ, ಮಕ್ಕಳು, ತಂದೆತಾಯಿಯ ಜೀವನಾಂಶದ ಬಗ್ಗೆ.

'ಹಳೇದು ಯಾಕೆ ಓದಬೇಕು, ಹೋಯ್ತಲ್ವಾ?' ಅಂತ ಮಕ್ಕಳು ಕೇಳುತ್ತಾರೆ. ಹೋಗಿಲ್ಲ. 2024ರ ಜುಲೈಗೆ ಮುಂಚೆ ನಡೆದ ಅಪರಾಧಕ್ಕೆ ಐಪಿಸಿಯೇ ಅನ್ವಯ. ಆ ಕೇಸುಗಳು ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ನಡೆಯುತ್ತವೆ. ಸುಪ್ರೀಂ ಕೋರ್ಟಿನ ದೊಡ್ಡ ತೀರ್ಪುಗಳೆಲ್ಲ ಹಳೇ ನಂಬರಿನಲ್ಲೇ ಇವೆ. ನೀವು ಕೆಲಸಕ್ಕೆ ಸೇರಿದ ಮೇಲೂ ಎರಡೂ ಕಾಲಂ ಬೇಕು.

ಕಲಂಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಪ್ರತಿಯೊಂದರ ಪಕ್ಕ ಒಂದೇ ಸಾಲಿನಲ್ಲಿ 'ಇದು ಯಾರನ್ನು ಕಾಪಾಡಲು?' ಅಂತ ಬರೆಯಿರಿ. ಉದಾಹರಣೆಗೆ, ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡದ್ದನ್ನು ಕೋರ್ಟಿನಲ್ಲಿ ಅವನ ವಿರುದ್ಧ ಸಾಬೀತುಪಡಿಸುವಂತಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇದು 25ನೇ ಕಲಂ, ಹೊಸದರಲ್ಲಿ 23. ಬ್ರಿಟಿಷರ ಕಾಲದ ಕಾನೂನು ಮಾಡಿದವರಿಗೂ ಠಾಣೆಯೊಳಗೆ ಹೊಡೆದು ಒಪ್ಪಿಸುತ್ತಾರೆ ಅನ್ನುವ ಭಯ ಇತ್ತು. ಕಾರಣ ಗೊತ್ತಾದ ಕಲಂ ಮರೆಯುವುದಿಲ್ಲ.

ಮುಖ್ಯವಾದ ಹೆಜ್ಜೆ: ಒಂದು ಕೇಸಿನ ಹಿಂದೆ ನಡೆಯಿರಿ

ಈ ಲೇಖನದಲ್ಲಿ ಒಂದನ್ನೇ ಮಾಡುವುದಾದರೆ ಇದನ್ನು ಮಾಡಿ. ಎರಡನೇ ಸೆಮಿಸ್ಟರ್‌ನಿಂದ ಶುರು ಮಾಡಿದರೆ ಸಾಕು.

ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳಿಗೆ ಇದರಿಂದ ವಿನಾಯಿತಿ ಇದೆ. ಕರ್ನಾಟಕ ರಾಜ್ಯ ಪೊಲೀಸ್ ವೆಬ್‌ಸೈಟಿನಲ್ಲಿ ಎಫ್‌ಐಆರ್ ಹುಡುಕುವ ಜಾಗ ಇದೆ. ನಿಮ್ಮ ತಾಲ್ಲೂಕಿನ ಒಂದು ಸಾಧಾರಣ ಕೇಸು ಆರಿಸಿಕೊಳ್ಳಿ. ಕೊಲೆ ಬೇಡ. ಬೈಕ್ ಕಳ್ಳತನ, ಹೊಲದ ಬದುವಿನ ಜಗಳ, ಒಂದು ಅಪಘಾತ, ಇಂಥದ್ದು. ಊರಿನ ಬದುಕು ಕಾಣುವುದು ಇಂಥ ಕೇಸುಗಳಲ್ಲೇ. ಅದರಲ್ಲಿ ಇರುವ ಹೆಸರುಗಳನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಬರೆಯಬೇಡಿ, ಗೆಳೆಯರ ಗುಂಪಿಗೆ ಕಳಿಸಬೇಡಿ. ಅವರು ನಿಮ್ಮ ಪಾಠದ ಪಾತ್ರಗಳಲ್ಲ, ನಿಮ್ಮ ಪಕ್ಕದೂರಿನವರು.

ಎಫ್‌ಐಆರ್ ಕನ್ನಡದಲ್ಲಿರುತ್ತದೆ. ಇಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ದೊಡ್ಡ ಅನುಕೂಲ ಇದೆ, ಯಾರೂ ಅವರಿಗೆ ಇದನ್ನು ಹೇಳುವುದಿಲ್ಲ. ಪಠ್ಯಪುಸ್ತಕ ಇಂಗ್ಲಿಷಿನಲ್ಲಿದ್ದರೂ ತನಿಖೆ ನಡೆಯುವುದು ಕನ್ನಡದಲ್ಲಿ. ದೂರು, ಸ್ಥಳ ಮಹಜರು (ಸ್ಥಳ ನೋಡಿ ಬರೆಯುವ ವರದಿ), ಅದಕ್ಕೆ ಸಾಕ್ಷಿಯಾಗಿ ನಿಂತ ಪಂಚರ ಸಹಿ, ಮುದ್ದೆಮಾಲು (ಜಪ್ತಿ ಮಾಡಿದ ವಸ್ತು), ಹೇಳಿಕೆ, ದೋಷಾರೋಪ ಪಟ್ಟಿ, ಮುಚ್ಚಳಿಕೆ (ಬರೆದುಕೊಡುವ ಖಾತರಿ), ಪಾಟೀಸವಾಲು (ಸಾಕ್ಷಿಗೆ ಎದುರು ಪಕ್ಷದ ವಕೀಲರು ಕೇಳುವ ಪ್ರಶ್ನೆಗಳು) ಎಲ್ಲ ಕನ್ನಡದ ಕಾಗದಗಳು, ಕನ್ನಡದ ಮಾತುಗಳು. ಮಹಜರಿನಲ್ಲಿ 'ಸದರಿ ಸ್ಥಳದ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹುಣಸೆಮರ' ಅನ್ನುವ ಥರದ ಸಾಲು ಓದಿದಾಗ ಮನಸ್ಸಿನಲ್ಲೇ ನಕ್ಷೆ ಬರಬೇಕು. ಬಂದರೆ ನೀವು ತನಿಖೆಯ ಭಾಷೆ ಕಲಿಯುತ್ತಿದ್ದೀರಿ ಅಂತ ಅರ್ಥ.

ಎಫ್‌ಐಆರ್ ಓದುವಾಗ ಮೂರು ಸಮಯ ಬರೆದುಕೊಳ್ಳಿ: ಘಟನೆ ನಡೆದದ್ದು ಯಾವಾಗ, ಠಾಣೆಗೆ ತಿಳಿದದ್ದು ಯಾವಾಗ, ಮ್ಯಾಜಿಸ್ಟ್ರೇಟರಿಗೆ ಎಫ್‌ಐಆರ್ ತಲುಪಿದ್ದು ಯಾವಾಗ. ಆರೋಪಿ ಪರ ವಕೀಲರು ಮೊದಲು ನೋಡುವುದು ಈ ಅಂತರವನ್ನೇ. ದೂರಿನಲ್ಲಿ ತಡ ಆಗಿದ್ದರೆ ಕಾರಣ ಬರೆದಿದ್ದಾರಾ? ಹಳ್ಳಿಯಿಂದ ಠಾಣೆಗೆ 20 ಕಿಲೋಮೀಟರ್, ರಾತ್ರಿ ಬಸ್ ಇಲ್ಲ ಅನ್ನುವುದೂ ಕಾರಣವೇ. ಅದನ್ನು ಬರೆಯದೆ ಬಿಟ್ಟರೆ ಮುಂದೆ ಕೇಸು ಸೋಲಬಹುದು.

ಆಮೇಲೆ ದಿನ ಎಣಿಸಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು. ಆರೋಪಿ ಒಳಗಿದ್ದರೆ ದೋಷಾರೋಪ ಪಟ್ಟಿಗೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನದ ಗಡಿ. ದಾಟಿದರೆ ಜಾಮೀನು ಆರೋಪಿಯ ಹಕ್ಕು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು ಅಂತ ಹೊಸ ಸಂಹಿತೆ ಹೇಳುತ್ತದೆ. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷ ಕೊಟ್ಟಿದ್ದಾರೆ. ಓದುವಾಗ ಇವು ಬರೀ ನಿಯಮ. ಒಂದು ನಿಜವಾದ ಕೇಸಿನ ದಿನಾಂಕಗಳ ಪಕ್ಕ ಇಟ್ಟಾಗ ಇವು ಯಾರದೋ ಮನೆಯ ಹಬ್ಬ, ಯಾರದೋ ಸಂಬಳ, ಯಾರದೋ ಪರೀಕ್ಷೆ ತಪ್ಪಿದ ದಿನಗಳಾಗಿ ಕಾಣುತ್ತವೆ.

ಮುಂದಿನ ಭಾಗಕ್ಕೆ ಕೋರ್ಟಿಗೇ ಹೋಗಿ. ಕ್ರಿಮಿನಲ್ ಕೋರ್ಟು ತೆರೆದ ನ್ಯಾಯಾಲಯ, ಸಾರ್ವಜನಿಕರು ಕೂತು ನೋಡಬಹುದು. ಅತ್ಯಾಚಾರದಂಥ ಪ್ರಕರಣಗಳ ವಿಚಾರಣೆ ಮಾತ್ರ ಗೌಪ್ಯವಾಗಿ ನಡೆಯುತ್ತದೆ. ಕೇಸಿನ ಮುಂದಿನ ದಿನಾಂಕ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಸಿಗುತ್ತದೆ. ಸಾದಾ ಬಟ್ಟೆ, ಮೊಬೈಲ್ ಸ್ವಿಚ್ ಆಫ್, ಹಿಂದಿನ ಬೆಂಚು. ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಿ. ಯಾರಾದರೂ ಕೇಳಿದರೆ 'ವಿದ್ಯಾರ್ಥಿ, ನೋಡಲು ಬಂದಿದ್ದೇನೆ' ಅಂದರೆ ಸಾಕು.

ಮೊದಲ ದಿನ ನಿರಾಸೆ ಆಗುತ್ತದೆ. ನನಗೂ ಆಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಕೇಳಿದ್ದು ಹೆಸರು ಕೂಗುವುದು, 'ಮುಂದಿನ ದಿನಾಂಕ' ಅನ್ನುವುದು ಅಷ್ಟೇ. ಸಾಕ್ಷಿ ಹೇಳಲು ಬಂದಿದ್ದ ಒಬ್ಬ ಹಿರಿಯರು ವರಾಂಡದಲ್ಲಿ ನನ್ನ ಪಕ್ಕ ಕೂತಿದ್ದರು. ದಿನದ ಕೂಲಿ ಬಿಟ್ಟು ಬಂದಿದ್ದರು, ಅದು ಅವರ ಮೂರನೇ ಸಲ. ಅವತ್ತೂ ಅವರ ಸಾಕ್ಷಿ ಆಗಲಿಲ್ಲ. ಸಾಕ್ಷಿಗಳು ಯಾಕೆ ತಿರುಗಿ ಬೀಳುತ್ತಾರೆ ಅಂತ ನಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯ ಇತ್ತು. ಆ ವರಾಂಡದಲ್ಲಿ ಕೂತ ಮೇಲೆ ಅದನ್ನು ಬೇರೆ ಥರ ಓದಿದೆ. ಅದಕ್ಕೇ ಹೇಳುತ್ತೇನೆ, ಐದಾರು ಸಲ ಹೋಗಿ. ಒಂದು ಪಾಟೀಸವಾಲನ್ನಾದರೂ ಪೂರ್ತಿ ಕೇಳಿ.

ಇನ್ನೊಂದು ವಿಷಯ. ಈ ಓದಿನಲ್ಲಿ ಹಿಂಸೆಯ ವಿವರ ತುಂಬಾ ಬರುತ್ತದೆ. ಶವಪರೀಕ್ಷೆಯ ವರದಿ, ಮಕ್ಕಳ ಮೇಲಿನ ದೌರ್ಜನ್ಯದ ತೀರ್ಪು ಓದಿದ ರಾತ್ರಿ ನಿದ್ದೆ ಬರದಿದ್ದರೆ ಅದು ನಿಮ್ಮ ದೌರ್ಬಲ್ಯ ಅಲ್ಲ. ರಾತ್ರಿ ಮಲಗುವ ಮುಂಚೆ ಇಂಥದ್ದನ್ನು ಓದಬೇಡಿ. ಅಧ್ಯಾಪಕರ ಜೊತೆ, ಗೆಳತಿಯ ಜೊತೆ ಮಾತಾಡಿ. ನಿಮ್ಮ ಮನೆಯಲ್ಲೇ ಇಂಥ ನೋವು ಆಗಿದ್ದರೆ, ಯಾವ ಪಾಠದಿಂದ ದೂರ ಇರಬೇಕು ಅಂತ ಮೊದಲೇ ಅಧ್ಯಾಪಕರಿಗೆ ಹೇಳುವುದರಲ್ಲಿ ತಪ್ಪಿಲ್ಲ.

ಸಿದ್ಧಾಂತಗಳನ್ನು ನಮ್ಮ ನೆಲದ ಮೇಲೆ ಇಟ್ಟು ಓದಿ

ಎರಡನೇ ವರ್ಷದಲ್ಲಿ ಬೆಕಾರಿಯಾ, ಲೊಂಬ್ರೊಸೊ, ಡರ್ಕೈಮ್, ಸದರ್‌ಲ್ಯಾಂಡ್ ಅಂತ ಸಾಲುಸಾಲಾಗಿ ಹೆಸರು ಬರುತ್ತವೆ. ಶಿಕ್ಷೆ ಕ್ರೂರವಾಗಿರುವುದಕ್ಕಿಂತ ಖಚಿತವಾಗಿರಬೇಕು ಅಂತ ಇಟಲಿಯ ಬೆಕಾರಿಯಾ 1764ರಲ್ಲೇ ಬರೆದ. ಅದೇ ದೇಶದ ಲೊಂಬ್ರೊಸೊ 1876ರಲ್ಲಿ, ಕೆಲವರು ಹುಟ್ಟಾ ಅಪರಾಧಿಗಳು, ತಲೆಬುರುಡೆ, ದವಡೆ ನೋಡಿ ಹೇಳಬಹುದು ಅಂದ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ.

ಆದರೆ ಹುಬ್ಬಳ್ಳಿಗೆ ಹೋಗಿ 'ಸೆಟ್ಲ್‌ಮೆಂಟ್' ಅಂತ ಕೇಳಿ, ಆಟೊದವರು ಬಿಡುತ್ತಾರೆ. ಆ ಹೆಸರು ಎಲ್ಲಿಂದ ಬಂತು? 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಮಾಡಿತು. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳು ಅಂತ ಪಟ್ಟಿ ಮಾಡಿತು. ಬೇಲಿಯೊಳಗಿನ ವಸಾಹತುಗಳಲ್ಲಿ ಇಟ್ಟು ಹಾಜರಿ ಕರೆಯಿತು. ಅಂಥ ವಸಾಹತು ಹುಬ್ಬಳ್ಳಿಯಲ್ಲೂ ಇತ್ತು. 1952ರ ಆಗಸ್ಟ್ 31ರಂದು ಆ ಸಮುದಾಯಗಳನ್ನು ಪಟ್ಟಿಯಿಂದ ಬಿಡಿಸಿದರು. ಕಾಯ್ದೆ ಹೋಯಿತು, ಸಂಶಯದ ಕಣ್ಣು ಹೋಗಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ಕೊಟ್ಟ ತೀರ್ಪಿನಲ್ಲಿ ಈ ವಿಮುಕ್ತ ಬುಡಕಟ್ಟುಗಳ ವಿಷಯವನ್ನೂ ಎತ್ತಿಕೊಂಡಿತು. ಜೈಲಿನ ನಿಯಮಗಳಲ್ಲಿ ಅವರನ್ನು ರೂಢಿಗತ ಅಪರಾಧಿಗಳ ಹಾಗೆ ನೋಡುವುದು ತಪ್ಪು ಅಂದಿತು. ಒಬ್ಬರಿಗೆ ಅಪರಾಧಿ ಅನ್ನುವ ಹಣೆಪಟ್ಟಿ ಅಂಟಿಸಿದರೆ ಅವರ ಬದುಕು ಏನಾಗುತ್ತದೆ ಅನ್ನುವ ಸಿದ್ಧಾಂತವನ್ನು ಅಮೆರಿಕದ ಉದಾಹರಣೆಯಿಂದ ಕಲಿಯಬೇಕಾಗಿಲ್ಲ. ಅದರ ಕಾಗದ, ಅದರ ಓಣಿ, ಅದರ ಮೊಮ್ಮಕ್ಕಳು ಇಲ್ಲೇ ಇದ್ದಾರೆ. ನನ್ನ ಪ್ರಕಾರ ನಮ್ಮ ನಾಡಿನಲ್ಲಿ ಅಪರಾಧಶಾಸ್ತ್ರ ಓದುವವರು ಬಿಡಲೇಬಾರದ ಅಧ್ಯಾಯ ಇದು.

ಬೆರಳಚ್ಚಿನ ಪಾಠಕ್ಕೂ ಹಾಗೆಯೇ. 1897ರಲ್ಲಿ ಕೋಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೊ ಶುರುವಾಯಿತು. ವರ್ಗೀಕರಣಕ್ಕೆ ಹೆಸರು ಬಂದದ್ದು ಎಡ್ವರ್ಡ್ ಹೆನ್ರಿಗೆ. ಅದರ ಹಿಂದಿನ ಲೆಕ್ಕ ಕಟ್ಟಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ನಾರ್ಕೊ ಪರೀಕ್ಷೆ ಓದುವಾಗ 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಓದಿ. ಒಪ್ಪಿಗೆ ಇಲ್ಲದೆ ನಾರ್ಕೊ, ಸುಳ್ಳುಪತ್ತೆ, ಮಿದುಳಿನ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ರಾಜ್ಯದ ಹೆಸರಿರುವ ಕೇಸಿನಲ್ಲಿ. ಬಂಧನಕ್ಕೆ 1996ರ ಡಿ.ಕೆ. ಬಸು, ಎಫ್‌ಐಆರ್‌ಗೆ 2013ರ ಲಲಿತಾ ಕುಮಾರಿ, ವಿಚಾರಣಾಧೀನ ಕೈದಿಗಳಿಗೆ 1979ರ ಹುಸೈನಾರಾ ಖಾತೂನ್. ಈ ನಾಲ್ಕನ್ನು ಗೈಡ್‌ನಲ್ಲಿ ಓದಬೇಡಿ, ತೀರ್ಪನ್ನೇ ಓದಿ. ಇಂಗ್ಲಿಷ್ ಕಷ್ಟವಾದರೆ ದಿನಕ್ಕೆ ಎರಡು ಪುಟ. ಸುಪ್ರೀಂ ಕೋರ್ಟ್ ವೆಬ್‌ಸೈಟಿನಲ್ಲಿ ಆಯ್ದ ತೀರ್ಪುಗಳ ಕನ್ನಡ ಅನುವಾದವೂ ಇದೆ.

ಅಂಕಿಅಂಶ ಓದುವುದನ್ನು ಕಲಿಯಿರಿ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ, ಅಂದರೆ ಎನ್‌ಸಿಆರ್‌ಬಿ, ಪ್ರಕಟಿಸುವ ಅಪರಾಧ ವರದಿ, ಜೈಲು ವರದಿ ಎರಡೂ ಉಚಿತ. 'ಅಪರಾಧದಲ್ಲಿ ನಮ್ಮ ರಾಜ್ಯ ಇಷ್ಟನೇ ಸ್ಥಾನ' ಅಂತ ಟಿವಿಯಲ್ಲಿ ಬಂದಾಗ ಆ ವರದಿ ತೆರೆದು ನೋಡಿ. ಒಂದೇ ಎಫ್‌ಐಆರ್‌ನಲ್ಲಿ ಕೊಲೆಯೂ ದರೋಡೆಯೂ ಇದ್ದರೆ ಲೆಕ್ಕಕ್ಕೆ ಹೋಗುವುದು ದೊಡ್ಡ ಅಪರಾಧ ಒಂದೇ. ದಾಖಲಾದ ಕೇಸು ಹೆಚ್ಚಾದರೆ ಅಪರಾಧ ಹೆಚ್ಚಾಯಿತು ಅಂತಲೇ ಅಲ್ಲ. ಹೆಣ್ಣುಮಕ್ಕಳು ಧೈರ್ಯವಾಗಿ ಠಾಣೆಗೆ ಬಂದರೂ, ಠಾಣೆಯವರು ದೂರು ತಗೊಂಡರೂ ಸಂಖ್ಯೆ ಏರುತ್ತದೆ. ಜನಸಂಖ್ಯೆಯ ಲಕ್ಷಕ್ಕೆ ಎಷ್ಟು ಅಂತ ನೋಡದೆ ರಾಜ್ಯಗಳನ್ನು ಹೋಲಿಸಬಾರದು. ಎಕ್ಸೆಲ್ ಕಲಿಯಿರಿ, ನಿಮ್ಮ ಜಿಲ್ಲೆಯ ಐದು ವರ್ಷದ ಒಂದು ಕೋಷ್ಟಕ ನೀವೇ ಮಾಡಿ.

ಕೈಯಾರೆ ಕೆಲಸ: ಇಂಟರ್ನ್‌ಶಿಪ್

ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ. 1987ರ ಕಾನೂನಿನ ಪ್ರಕಾರ ಬಡವರಿಗೆ, ಮಹಿಳೆಯರಿಗೆ, ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಕೊಡುವ ಕಚೇರಿ ಅದು. ಅಲ್ಲಿ ಅರೆ ಕಾನೂನು ಸ್ವಯಂಸೇವಕರನ್ನು (ಪ್ಯಾರಾ ಲೀಗಲ್ ವಾಲಂಟಿಯರ್) ತೆಗೆದುಕೊಳ್ಳುತ್ತಾರೆ, ತರಬೇತಿ ಕೊಡುತ್ತಾರೆ. ಇದಕ್ಕೆ ವಕೀಲರೇ ಆಗಿರಬೇಕಿಲ್ಲ. ಅರ್ಜಿ ಬರೆದುಕೊಡುವುದು, ಯಾವ ಕಚೇರಿಗೆ ಹೋಗಬೇಕು ಅಂತ ಹೇಳುವುದು, 15100 ಸಹಾಯವಾಣಿ ಇದೆ ಅಂತ ಹಳ್ಳಿಯಲ್ಲಿ ತಿಳಿಸುವುದು. ನನ್ನ ಪಾಲಿಗೆ ಮೂರು ವರ್ಷದ ಕ್ಲಾಸಿಗಿಂತ ಜಾಸ್ತಿ ಕಲಿಸಿದ್ದು ಈ ಕೆಲಸ.

ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಬಾಲನ್ಯಾಯ ಮಂಡಳಿ, ಪ್ರತಿ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆ ಇವಕ್ಕೂ ವಿಭಾಗದ ಮುಖ್ಯಸ್ಥರ ಪತ್ರ ಹಿಡಿದು ಅರ್ಜಿ ಹಾಕಬಹುದು. ಬಾಲನ್ಯಾಯ ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜ ಕಾರ್ಯಕರ್ತರು ಕೂರುತ್ತಾರೆ. ಕಾನೂನಿಗೆ ಸಿಕ್ಕ ಮಗುವಿನ ಹೆಸರು, ಫೋಟೊ ಯಾವ ಕಾರಣಕ್ಕೂ ಹೊರಗೆ ಹೋಗಬಾರದು. ಇದು ನಿಮಗೂ ಅನ್ವಯ.

ಜೈಲು ನೋಡಲು ಇಲಾಖೆಯ ಅನುಮತಿ ಬೇಕು, ಕಾಲೇಜಿನ ಮೂಲಕವೇ ಕೇಳಿ. ಪರಪ್ಪನ ಅಗ್ರಹಾರ, ಹಿಂಡಲಗಾ ಹೆಸರು ಎಲ್ಲರಿಗೂ ಗೊತ್ತು. ಆದರೆ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಒಂದು ಬಯಲು ಬಂದೀಖಾನೆ ಇದೆ ಅನ್ನುವುದು ಗೊತ್ತಿರುವವರು ಕಡಿಮೆ. ಬೆಂಗಳೂರಿನ ಕೋರಮಂಗಲ ಅಲ್ಲ, ಅದೇ ಹೆಸರಿನ ಹಳ್ಳಿ. ಒಳ್ಳೆಯ ನಡತೆಯ ಕೈದಿಗಳು ಅಲ್ಲಿ ಎತ್ತರದ ಗೋಡೆಗಳಿಲ್ಲದೆ ಇರುತ್ತಾರೆ. ಸಾಧ್ಯವಾದರೆ ಎರಡೂ ಥರದ ಜೈಲು ನೋಡಿ. ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ಕೈದಿಗಳ ಜೊತೆ ನಾಟಕ ಕಟ್ಟಿದ ಕೆಲಸದ ಬಗ್ಗೆಯೂ ಓದಿಕೊಂಡು ಹೋಗಿ. ಜೈಲಿನೊಳಗೆ ಮನುಷ್ಯ ಬದಲಾಗುವುದು ಹೇಗೆ ಅನ್ನುವ ಪ್ರಶ್ನೆ ಆಗ ಪುಸ್ತಕದ್ದಾಗಿ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ದುಡ್ಡು ಕಟ್ಟಿ ತಗೊಳ್ಳುವ 'ಫೊರೆನ್ಸಿಕ್ ಇನ್ವೆಸ್ಟಿಗೇಟರ್' ಸರ್ಟಿಫಿಕೇಟ್‌ಗಳ ಜಾಹೀರಾತು ನಿಮ್ಮ ಫೋನಿಗೆ ಬರುತ್ತಲೇ ಇರುತ್ತವೆ. ನಾನೂ ಎರಡನೇ ವರ್ಷದಲ್ಲಿ ಮನೆಯಲ್ಲಿ ಕಾಡಿ ಬೇಡಿ ಅಂಥದ್ದೊಂದಕ್ಕೆ ದುಡ್ಡು ಕಟ್ಟಿದ್ದೆ. ಕೆಲವು ವಿಡಿಯೊ, ಒಂದು ಬಣ್ಣದ ಕಾಗದ ಸಿಕ್ಕಿತು. ಇವತ್ತಿನವರೆಗೆ ಯಾವ ಸಂದರ್ಶನದಲ್ಲೂ ಅದನ್ನು ಯಾರೂ ಕೇಳಿಲ್ಲ. ಅಮ್ಮ ಆ ದುಡ್ಡಿಗೆ ಏನು ಬಿಟ್ಟುಕೊಟ್ಟಿದ್ದರು ಅಂತ ನೆನೆದರೆ ಈಗಲೂ ನೋವಾಗುತ್ತದೆ. ವಿಶ್ವವಿದ್ಯಾಲಯ ಅಥವಾ ಸರ್ಕಾರಿ ಸಂಸ್ಥೆಯದಲ್ಲದ ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಮೂವರನ್ನು ಕೇಳಿ.

ಇಂಗ್ಲಿಷ್ ಭಯ

ಉತ್ತರ ಕನ್ನಡದಲ್ಲಿ ಬರೆಯಲು ನಿಮ್ಮ ವಿಶ್ವವಿದ್ಯಾಲಯದಲ್ಲಿ ಅವಕಾಶ ಇದೆಯಾ ಕೇಳಿಕೊಳ್ಳಿ. ಇದ್ದರೂ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿಯಿರಿ. ನನ್ನ ವಿಧಾನ ಸರಳ. ದಿನಪತ್ರಿಕೆಯ ಒಂದು ಅಪರಾಧ ಸುದ್ದಿಯನ್ನು ದಿನವೂ ಕನ್ನಡದಿಂದ ಇಂಗ್ಲಿಷಿಗೆ ಹತ್ತು ಸಾಲು ಅನುವಾದ ಮಾಡುವುದು. ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಪ್ರಬಂಧ, ಸಾರಾಂಶದ ಜೊತೆ ಅನುವಾದವೂ ಇರುತ್ತದೆ. ಈ ಅಭ್ಯಾಸ ಅಲ್ಲಿಗೂ ಬರುತ್ತದೆ.

ಕೊನೇ ವರ್ಷ: ಎರಡನೇ ಕಾಲು ಯಾವುದು?

ಈ ಡಿಗ್ರಿ ಒಂಟಿಕಾಲಿನ ಮೇಲೆ ಜಾಸ್ತಿ ದೂರ ಹೋಗುವುದಿಲ್ಲ. ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು. ಐದನೇ ಸೆಮಿಸ್ಟರ್ ಶುರುವಾಗುವ ಮುಂಚೆ ಎರಡನೇ ಕಾಲು ಯಾವುದು ಅಂತ ತೀರ್ಮಾನಿಸಿ.

ಪೊಲೀಸ್ ಕೆಲಸವೇ ಬೇಕು ಅಂದರೆ ಓಟ, ಜಿಗಿತ, ಗುಂಡು ಎಸೆತದ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಇಟ್ಟುಕೊಳ್ಳಿ. ಪರೀಕ್ಷೆಗೆ ಆರು ತಿಂಗಳಿದ್ದಾಗ ಮೈದಾನಕ್ಕೆ ಇಳಿದವರು ಮೊಣಕಾಲು ನೋಯಿಸಿಕೊಳ್ಳುತ್ತಾರೆ. ಸಾಮಾನ್ಯ ಅಧ್ಯಯನ ಬೇರೆಯಾಗಿಯೇ ಓದಬೇಕು, ನಿಮ್ಮ ಪಠ್ಯ ಅದಕ್ಕೆ ಸಾಕಾಗುವುದಿಲ್ಲ. ಜೈಲು ಇಲಾಖೆ, ಅಬಕಾರಿ ಇಲಾಖೆಯ ಹುದ್ದೆಗಳನ್ನೂ ಮರೆಯಬೇಡಿ.

ಕಾನೂನಿಗೆ ಹೋಗುವುದಾದರೆ ಡಿಗ್ರಿ ಆದಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳು ಜಿಲ್ಲೆ ಜಿಲ್ಲೆಯಲ್ಲಿವೆ. ಬಾರ್ ಕೌನ್ಸಿಲ್ ನಿಯಮದಂತೆ ಡಿಗ್ರಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಇದು ಗೊತ್ತಿಲ್ಲದೆ 'ಪಾಸಾದರೆ ಸಾಕು' ಅಂತ ಓದಿದವರು ಆಮೇಲೆ ಪರದಾಡುತ್ತಾರೆ. ಸಹಾಯಕ ಸರ್ಕಾರಿ ಅಭಿಯೋಜಕರಾಗಲು ದಾರಿ ಇದೇ. ಅಪರಾಧಶಾಸ್ತ್ರ ಓದಿದ ಪ್ರಾಸಿಕ್ಯೂಟರ್ ಮಹಜರಿನ ತಪ್ಪನ್ನು ಬೇಗ ಹಿಡಿಯುತ್ತಾರೆ. ನನಗೆ ತುಂಬಾ ಇಷ್ಟದ ಜೋಡಿ ಇದು.

ಮಕ್ಕಳ ಜೊತೆ, ಸಂತ್ರಸ್ತರ ಜೊತೆ ಕೆಲಸ ಮಾಡುವ ಮನಸ್ಸಿದ್ದರೆ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ. ಮಕ್ಕಳ ರಕ್ಷಣಾ ಘಟಕಗಳು, ಸ್ವಯಂಸೇವಾ ಸಂಸ್ಥೆಗಳು ಇಂಥವರನ್ನು ಹುಡುಕುತ್ತವೆ. ಪಾಠ ಮಾಡುವ ಆಸೆ ಇದ್ದರೆ ಎಂಎ ಮಾಡಿ ಯುಜಿಸಿ ನೆಟ್ ಬರೆಯಿರಿ, ಅಲ್ಲಿ ಅಪರಾಧಶಾಸ್ತ್ರಕ್ಕೂ ವಿಧಿವಿಜ್ಞಾನಕ್ಕೂ ಬೇರೆ ಬೇರೆ ಪತ್ರಿಕೆ ಇದೆ. ಬೆಂಗಳೂರಿನ ಬ್ಯಾಂಕು, ವಿಮೆ, ಆನ್‌ಲೈನ್ ಪಾವತಿ ಕಂಪನಿಗಳ ವಂಚನೆ ತಡೆ ವಿಭಾಗದಲ್ಲೂ ಕೆಲಸ ಇದೆ. ಅದಕ್ಕೆ ಎಕ್ಸೆಲ್, ಇಂಗ್ಲಿಷ್ ಮತ್ತು ಸೈಬರ್ ಕಾನೂನಿನ ಪರಿಚಯ ಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ ಮೇಲೆ ಹೋದ ದುಡ್ಡನ್ನು ಹೇಗೆ ತಡೆಹಿಡಿಯುತ್ತಾರೆ ಅನ್ನುವುದು ನಿಮಗೆ ವಿವರವಾಗಿ ಗೊತ್ತಿರಬೇಕು.

ಈಗಲೇ ಶುರು ಮಾಡಬಹುದಾದದ್ದು

ಕಾಲೇಜು ಸೇರುವುದಕ್ಕೆ ಇನ್ನೂ ಎರಡು ತಿಂಗಳಿದೆ ಅಂದುಕೊಳ್ಳಿ. ಬರುವ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ. ಗೋಡೆಗೆ ಅಂಟಿಸಿದ ಕೇಸುಗಳ ಪಟ್ಟಿ ಓದಿ. ಕ್ರಿಮಿನಲ್ ಕೋರ್ಟು ಯಾವ ಕೋಣೆ ಅಂತ ಯಾರನ್ನಾದರೂ ಕೇಳಿ, ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ. ಮನೆಗೆ ಬಂದು, ಅರ್ಥವಾಗದ ಹತ್ತು ಪದಗಳನ್ನು ಆ ಎರಡು ಕಾಲಂನ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ.